ಫಿಲಿಪ್ಪೀನ್ಸಿನ ಅಡೊಬೊ: ಕೊಚ್ಚಿಯ ಅಡುಗೆಮನೆಯಲ್ಲಿ ಗರಿಗರಿ

ಎರ್ನಾಕುಲಂ: ಆದಿತ್ಯವಾರ ಮಾಡಿದ ಕೋಳಿ ಪದಾರ್ಥ ಸೋಮವಾರ ಬೆಳಗ್ಗೆ ದೋಸೆಗೆ ಆಗುತ್ತದೆ, ರಾತ್ರಿ ಅನ್ನಕ್ಕೂ ಆಗುತ್ತದೆ. ಮಂಗಳವಾರ ಅದನ್ನೇ ಮತ್ತೆ ಫ್ರಿಜ್ಜಿನಿಂದ ತೆಗೆದರೆ ಮನೆಯಲ್ಲಿ ಯಾರ ಮುಖವೂ ಅರಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಕಾಕ್ಕನಾಡಿನ ಫ್ಲಾಟುಗಳಲ್ಲಾಗಲಿ, ಮಕ್ಕಳೆಲ್ಲ ದೂರ ಹೋಗಿ ಇಬ್ಬರೇ ಉಳಿದಿರುವ ಎಡಪಳ್ಳಿಯ ಮನೆಗಳಲ್ಲಾಗಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಕಡಿಮೆ ತಂದರೆ ಅಡುಗೆಗೆ ಇಳಿಯುವ ಶ್ರಮಕ್ಕೆ ಬೆಲೆ ಇಲ್ಲ, ಹೆಚ್ಚು ತಂದರೆ ಉಳಿದದ್ದು ಕಸದ ಬುಟ್ಟಿಗೆ. ಒಂದು ಕಿಲೋ ಮಾಂಸವನ್ನು ಎರಡು ದಿನ ಎರಡು ಬೇರೆ ಬೇರೆ ಊಟವಾಗಿ ಬಡಿಸುವ ಉಪಾಯವೊಂದು ಫಿಲಿಪ್ಪೀನ್ಸಿನವರ ಕೈಯಲ್ಲಿದೆ. ಮೊದಲ ದಿನ ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕರಿಮೆಣಸಿನಲ್ಲಿ ಬೇಯಿಸಿದ ಅಡೊಬೊ. ಮರುದಿನ ಅದೇ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಎಣ್ಣೆಯಲ್ಲಿ ಹುರಿದ ಗರಿಗರಿ ಅಡೊಬೊ. ಎರಡನೆಯದಕ್ಕೆ ಅಲ್ಲಿನವರು ಅಡೊಬೊ ಫ್ಲೇಕ್ಸ್ ಎನ್ನುತ್ತಾರೆ. ಬಾಯಿಗೆ ಹಾಕಿದರೆ ಹಪ್ಪಳದಂತೆ ಪುಡಿಯಾಗುವ, ಹುಳಿ ಉಪ್ಪು ಬೆಳ್ಳುಳ್ಳಿ ಮೂರೂ ಕೂಡಿದ ಪದಾರ್ಥ.

ಫಿಲಿಪ್ಪೀನ್ಸಿನ ಅಡುಗೆ ಎರ್ನಾಕುಲಂನ ಕನ್ನಡಿಗರಿಗೆ ಏಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಆದರೆ ಇದು ನಮ್ಮವರಿಗೆ ಅಷ್ಟೇನೂ ದೂರದ ಹೆಸರಲ್ಲ. ಗಲ್ಫಿನ ಕ್ಯಾಂಪುಗಳಲ್ಲಿ, ಅಲ್ಲಿನ ಆಸ್ಪತ್ರೆಗಳ ನರ್ಸುಗಳ ಹಾಸ್ಟೆಲುಗಳಲ್ಲಿ, ಸರಕು ಹಡಗುಗಳ ಅಡುಗೆಮನೆಯಲ್ಲಿ ಮಂಗಳೂರು, ಉಡುಪಿ, ಕಾಸರಗೋಡಿನ ಜನರೂ ಫಿಲಿಪ್ಪೀನ್ಸಿನ ಜನರೂ ಬಹುಕಾಲದಿಂದ ಅಕ್ಕಪಕ್ಕದಲ್ಲೇ ದುಡಿಯುತ್ತ ಬಂದಿದ್ದಾರೆ. ಜಗತ್ತಿನ ಹಡಗುಗಳಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ದೇಶಗಳ ಸಾಲಿನಲ್ಲಿ ಫಿಲಿಪ್ಪೀನ್ಸೂ ಇದೆ, ಭಾರತವೂ ಇದೆ. ಊರಿನಲ್ಲಿ ಒಲೆಯ ಹತ್ತಿರವೂ ಸುಳಿಯದ ಗಂಡಸು ಅಲ್ಲಿ ಪಕ್ಕದ ಮಂಚದವನನ್ನು ನೋಡಿ ಅಡುಗೆ ಕಲಿಯುತ್ತಾನೆ. ತೆಂಗಿನಕಾಯಿ ತುರಿಯುವುದಕ್ಕೆ ಇಲ್ಲ, ಮಸಾಲೆ ಅರೆಯುವುದಕ್ಕೆ ಇಲ್ಲ. ಒಂದು ಪಾತ್ರೆ, ಒಂದು ಬಾಟಲಿ ವಿನೆಗರ್, ಒಂದು ಬಾಟಲಿ ಸೋಯಾ ಸಾಸ್ ಇದ್ದರೆ ಸಾಕು. ಎಂಟು ಗಂಟೆ ಪಾಳಿ ಮುಗಿಸಿ ಬಂದವನಿಗೆ ಇದಕ್ಕಿಂತ ಅನುಕೂಲದ ಅಡುಗೆ ಸಿಗುವುದು ಕಷ್ಟ.

ಕೋವಿಡ್ ಕಾಲದಲ್ಲಿ ವಿದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ಯೋಜನೆಯ ಮೊದಲ ವಿಮಾನಗಳಲ್ಲಿ ಒಂದು 2020ರ ಮೇ 7ರ ರಾತ್ರಿ ಅಬುಧಾಬಿಯಿಂದ ನೆಡುಂಬಾಶ್ಶೇರಿಗೆ ಬಂದಿಳಿಯಿತು. ಅದೇ ವರ್ಷ ತಿರುವನಂತಪುರದ ವಿಳಿಂಜಂ ಸಮುದ್ರದಲ್ಲಿ ಹಡಗುಗಳ ಸಿಬ್ಬಂದಿ ಬದಲಾವಣೆಯೂ ಆರಂಭವಾಯಿತು. ಆ ತಿಂಗಳುಗಳಲ್ಲಿ ಮನೆಗೆ ಮರಳಿದವರು ಪೆಟ್ಟಿಗೆಯಲ್ಲಿ ತಂದದ್ದು ಕಡಿಮೆ. ಕೈಯಲ್ಲಿ ತಂದದ್ದು ಇಂಥ ಅಡುಗೆಗಳನ್ನು. ವರ್ಷಕ್ಕೊಮ್ಮೆ ಒಂದು ತಿಂಗಳಿಗೆ ಬಂದು ಹೋಗುತ್ತಿದ್ದ ಯಜಮಾನ ಆರು ತಿಂಗಳು ಮನೆಯಲ್ಲೇ ಉಳಿದಾಗ, ಅವನು ಪರದೇಶದಲ್ಲಿ ಏನು ಉಂಡು ಬದುಕಿದ ಎಂಬುದನ್ನು ಹೆಂಡತಿ ಮಕ್ಕಳು ನಾಲಿಗೆಯಿಂದಲೇ ತಿಳಿಯುವುದು ಸಣ್ಣ ವಿಷಯವೇನೂ ಅಲ್ಲ.

ಒಂದೇ ಹುಳಿಯ ಬಳಗ

ಅಡೊಬೊ ಎಂಬ ಹೆಸರು ಸ್ಪೇನಿನದು. ಮಾಂಸವನ್ನು ಹುಳಿ, ಉಪ್ಪು, ಸಾಂಬಾರ ಪದಾರ್ಥದಲ್ಲಿ ನೆನೆಹಾಕುವುದಕ್ಕೆ ಆ ಭಾಷೆಯಲ್ಲಿರುವ ಶಬ್ದದಿಂದ ಬಂದದ್ದು. ಆದರೆ ಅಡುಗೆ ಸ್ಪೇನಿನದ್ದಲ್ಲ. ಮೆಗಲನ್ ಆ ದ್ವೀಪಗಳನ್ನು ತಲುಪಿದ್ದು 1521ರಲ್ಲಿ, ಸ್ಪೇನಿನವರು ಸೆಬುವಿನಲ್ಲಿ ನೆಲೆಯೂರಿದ್ದು 1565ರಲ್ಲಿ. ಅವರು ಬರುವ ಮೊದಲೇ ಅಲ್ಲಿನ ಜನ ತಾಳೆ, ತೆಂಗಿನ ಕಳ್ಳಿನಿಂದ ಹುಳಿ ಮಾಡಿ ಅದರಲ್ಲಿ ಮಾಂಸ ಬೇಯಿಸುತ್ತಿದ್ದರು. ಬಿಸಿಲಿನ ದೇಶದಲ್ಲಿ ಮಾಂಸ ಕೆಡದಿರಲು ಅದೇ ದಾರಿ. 1613ರಲ್ಲಿ ಪೆದ್ರೊ ದೆ ಸಾನ್ ಬುಯೆನಾವೆಂತುರಾ ಎಂಬ ಪಾದ್ರಿ ತಗಾಲೊಗ್ ಭಾಷೆಯ ನಿಘಂಟನ್ನು ಅಚ್ಚು ಹಾಕಿಸಿದಾಗ ಈ ಅಡುಗೆಯನ್ನು ‘ಇಲ್ಲಿಯವರ ಅಡೊಬೊ’ ಎಂಬ ಅರ್ಥದಲ್ಲಿ ದಾಖಲಿಸಿದ. ಹೊರಗಿನವರು ಬಂದು ಹೆಸರಿಟ್ಟರು, ಪಾತ್ರೆಯೊಳಗಿನದು ಹಾಗೆಯೇ ಉಳಿಯಿತು. ಸೋಯಾ ಸಾಸ್ ಚೀನೀ ವ್ಯಾಪಾರಿಗಳ ಕೊಡುಗೆ. ಈಗಲೂ ಸೋಯಾ ಇಲ್ಲದೆ ಬರೀ ಉಪ್ಪು ವಿನೆಗರಿನಲ್ಲಿ ಮಾಡುವ ಬಿಳಿ ಅಡೊಬೊ, ಅರಸಿನ ಹಾಕಿದ ಹಳದಿ ಅಡೊಬೊ, ತೆಂಗಿನ ಹಾಲು ಹಾಕಿದ ಅಡೊಬೊ ಅಲ್ಲಿ ಬಳಕೆಯಲ್ಲಿವೆ. ತೆಂಗಿನ ಹಾಲಿನದ್ದನ್ನು ನಮ್ಮ ಕರಾವಳಿಯವರು ಉಂಡರೆ ಹೊಸತೆಂದು ಅನಿಸಲಾರದು.

ಕೊಚ್ಚಿಯಲ್ಲಿ ಕುಳಿತು ಈ ಕಥೆ ಓದುವವರಿಗೆ ಇದರ ಜೋಡಿ ಕಥೆಯೂ ಗೊತ್ತು. ಪೋರ್ಚುಗೀಸರು ಕೊಚ್ಚಿಗೆ ಬಂದದ್ದು 1500ರಲ್ಲಿ, ಕೋಟೆ ಕಟ್ಟಿದ್ದು 1503ರಲ್ಲಿ. ವಾಸ್ಕೊ ಡ ಗಾಮ ತೀರಿಕೊಂಡದ್ದು ಇಲ್ಲಿಯೇ, 1524ರ ಕ್ರಿಸ್ಮಸ್ ಹಿಂದಿನ ದಿನ. 1663ರಲ್ಲಿ ಡಚ್ಚರು ಕೋಟೆ ಹಿಡಿಯುವ ತನಕ ಅವರು ಇಲ್ಲಿದ್ದರು. ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಹಾಕುವ ಅವರ ಕ್ರಮಕ್ಕೆ ಈ ಕರಾವಳಿಯಲ್ಲಿ ಕಳ್ಳಿನ ವಿನೆಗರ್, ಮೆಣಸು ಸೇರಿ ವಿಂದಾಲು ಆಯಿತು. ಗೋವೆಯಲ್ಲೂ ಅದು ಉಂಟು, ಫೋರ್ಟ್ ಕೊಚ್ಚಿ ಭಾಗದ ಕ್ರೈಸ್ತ ಮನೆಗಳಲ್ಲೂ ಉಂಟು. ಮಂಗಳೂರಿನ ಕೊಂಕಣಿ ಕ್ರೈಸ್ತರ ಹಂದಿ ಇಂದಾದ್ ಇದೇ ಬಳಗದ್ದು. ಕೊಡಗಿನ ಪಂದಿ ಕರಿಗೆ ಪೋರ್ಚುಗೀಸರ ಹಂಗಿಲ್ಲ. ಅಲ್ಲಿ ಹುಳಿಗೆ ಕಾಚಂಪುಳಿ. ಆ ಕಾಚಂಪುಳಿ ಬರುವುದು ಕೇರಳದ ಮೀನು ಕರಿಗೆ ಹಾಕುವ ಕುಡಂಪುಳಿಯ ಹಣ್ಣಿನಿಂದಲೇ. ಶಿರಸಿ ಸಿದ್ದಾಪುರದವರು ಅದನ್ನು ಉಪ್ಪಾಗೆ ಎನ್ನುತ್ತಾರೆ. ಹುಳಿಯಲ್ಲಿ ಮಾಂಸ ಬೇಯಿಸಿ ಕಪ್ಪಾಗುವ ತನಕ ಬತ್ತಿಸುವ ವಿದ್ಯೆ ಸಮುದ್ರದ ಆಚೆಗೂ ಈಚೆಗೂ ಒಂದೇ.

ಗರಿಗರಿ ಎಳೆಯ ವಿಷಯಕ್ಕೂ ಇಲ್ಲಿ ಸೋದರಿಕೆ ಇದೆ. ಕೇರಳದ ಮಲೆ ಸೀಮೆಯ ಇಡಿಯಿರಚ್ಚಿ ಎಂದರೆ ಉಪ್ಪು ಹಾಕಿ ಒಣಗಿಸಿದ ಮಾಂಸವನ್ನು ಒರಳಲ್ಲಿ ಕುಟ್ಟಿ, ಎಳೆಯಾಗಿಸಿ, ಸಣ್ಣ ಈರುಳ್ಳಿಯೊಂದಿಗೆ ಹುರಿಯುವುದು. ಆದರೆ ಅದು ಹೆಚ್ಚಾಗಿ ದನ ಅಥವಾ ಎಮ್ಮೆಯ ಮಾಂಸದ್ದು, ಎಲ್ಲ ಕನ್ನಡ ಮನೆಗಳಿಗೂ ಹೊಂದುವಂಥದ್ದಲ್ಲ. ಒಣಗಿಸಲು ವಾರಗಟ್ಟಲೆ ಬಿಸಿಲು ಅಥವಾ ಹೊಗೆಯ ಅಟ್ಟ ಬೇಕು. ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ಅದು ಆಗದ ಮಾತು. ಅಡೊಬೊ ಕೋಳಿಯಲ್ಲೂ ಆಗುತ್ತದೆ, ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ.

ಅಂಗಡಿಯಲ್ಲಿ ನೋಡಿ ತರಬೇಕಾದದ್ದು

ಕೋಳಿಯಾದರೆ ಎದೆಯ ಭಾಗ ಬೇಡ. ತೊಡೆ ಮತ್ತು ಕಾಲಿನ ಭಾಗವೇ ಬೇಕು. ಎದೆಯ ಮಾಂಸ ಹುರಿದಾಗ ಗರಿಗರಿ ಆಗುವ ಬದಲು ಹುರಿಹಗ್ಗದಂತೆ ಆಗುತ್ತದೆ. ಹಂದಿಯಾದರೆ ಭುಜದ ಭಾಗ ಮುಕ್ಕಾಲು ಪಾಲು, ಕೊಬ್ಬಿರುವ ಹೊಟ್ಟೆಯ ಭಾಗ ಕಾಲು ಪಾಲು ಇದ್ದರೆ ಹುರಿಯಲು ಬೇರೆ ಎಣ್ಣೆಯೇ ಬೇಡ. ಎರ್ನಾಕುಲಂ ಜಿಲ್ಲೆಯಲ್ಲಿ ಹಂದಿ ಮಾಂಸಕ್ಕೆ ಬರಗಾಲವಿಲ್ಲ. ಸರಕಾರದ ಮೀಟ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆ ಇರುವುದೂ ಇದೇ ಜಿಲ್ಲೆಯ ಕೂತ್ತಾಟ್ಟುಕುಳಂ ಬಳಿ. 2022ರ ಜುಲೈಯಲ್ಲಿ ವಯನಾಡಿನಲ್ಲಿ ಹಂದಿಗಳಿಗೆ ಆಫ್ರಿಕನ್ ಹಂದಿ ಜ್ವರ ಬಂದಾಗ ಅನೇಕರು ತಿನ್ನುವುದನ್ನೇ ಬಿಟ್ಟಿದ್ದರು. ಆ ರೋಗ ಮನುಷ್ಯರಿಗೆ ಹರಡುವುದಿಲ್ಲ.

ವಿನೆಗರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಬಿಳಿ ಬಾಟಲಿಯ ಚೀಟಿಯನ್ನು ಓದಬೇಕು. ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ಮಾಡಿದ್ದಾದರೆ ಕೃತಕ ಎಂದು ಅದರ ಮೇಲೆ ನಮೂದಿಸಲೇಬೇಕೆಂಬ ನಿಯಮವಿದೆ. ಅದರಿಂದ ಅಪಾಯವಿಲ್ಲ, ಆದರೆ ಬರೀ ಘಾಟು. ತೆಂಗಿನ ಕಳ್ಳಿನಿಂದ ಅಥವಾ ಎಳನೀರಿನಿಂದ ಹುದುಗಿಸಿದ ವಿನೆಗರ್ ಕೇರಳದಲ್ಲಿ ಸುಲಭವಾಗಿ ಸಿಗುತ್ತದೆ. ಫಿಲಿಪ್ಪೀನ್ಸಿನವರು ಬಳಸುವುದೂ ಅದನ್ನೇ. ಮನಿಲಾದ ರುಚಿಯನ್ನು ಬೆಂಗಳೂರಿನಲ್ಲಿ ತರಲು ಒದ್ದಾಡಬೇಕು, ಎರ್ನಾಕುಲಂನಲ್ಲಿ ಬೀದಿ ಕೊನೆಯ ಅಂಗಡಿಗೆ ಹೋದರೆ ಸಾಕು. ಈ ಒಂದು ವಿಷಯದಲ್ಲಿ ಇಲ್ಲಿಯ ಕನ್ನಡಿಗರು ತವರಿನವರಿಗಿಂತ ಅದೃಷ್ಟವಂತರು.

ಎಲೆಯ ವಿಷಯದಲ್ಲೂ ಸಣ್ಣ ಗೊಂದಲವಿದೆ. ಅಡೊಬೊಗೆ ಹಾಕುವ ಎಲೆ ಮೆಡಿಟರೇನಿಯನ್ ಕಡೆಯದು, ನಡುವೆ ಒಂದೇ ನರ ಇರುತ್ತದೆ. ನಮ್ಮ ಪಲಾವ್ ಎಲೆಯಲ್ಲಿ ಉದ್ದಕ್ಕೆ ಮೂರು ನರಗಳು, ಅದು ದಾಲ್ಚಿನ್ನಿಯ ಬಳಗದ್ದು. ಪರಿಮಳ ಬೇರೆ, ಆದರೆ ಕೆಲಸ ನಡೆಯುತ್ತದೆ. ಆಟ್ಟುಕಾಲ್ ಪೊಂಗಾಲದ ದಿನ ತೆರಳಿ ಕಡುಬು ಕಟ್ಟಲು ತಿರುವನಂತಪುರದ ಹೆಂಗಸರು ತರುವ ವಯಣ ಎಲೆಯೂ ಅದೇ ಬಳಗದ್ದು. ಎರಡೇ ಎರಡು ಹಾಕಿದರೆ ಸಾಕು, ಹೆಚ್ಚಾದರೆ ಮಾಂಸ ಪಾಯಸದ ವಾಸನೆ ಹೊಡೆದೀತು. ಕರಿಮೆಣಸಿನ ಬಗ್ಗೆ ಮಟ್ಟಾಂಚೇರಿಯ ನೆರೆಹೊರೆಯವರಿಗೆ ಹೇಳುವ ಅಗತ್ಯವಿಲ್ಲ.

ಇನ್ನು ಸೋಯಾ ಸಾಸ್. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 2 ಗ್ರಾಂಗಿಂತ ಮೇಲೆ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಸಾಮಾನ್ಯವಾಗಿ ಒಂದು ಕಿಲೋ ಮಾಂಸಕ್ಕೆ ಅರ್ಧ ಕಪ್ಪು, ಅಂದರೆ ಎಂಟು ಚಮಚ ಸೋಯಾ ಸಾಸ್ ಸುರಿಯುತ್ತಾರೆ. ಅಲ್ಲಿಗೆ ಹತ್ತಿರ ಹತ್ತಿರ 18 ಗ್ರಾಂ ಉಪ್ಪಾಯಿತು. ರಸದೊಂದಿಗೆ ಉಣ್ಣುವುದಾದರೆ ಅನ್ನ ಅದನ್ನು ಸಮ ಮಾಡುತ್ತದೆ. ಆದರೆ ಗರಿಗರಿ ಮಾಡುವಾಗ ನೀರೆಲ್ಲ ಹೋಗಿ ಮಾಂಸ ಅರ್ಧಕ್ಕೆ ಇಳಿಯುತ್ತದೆ, ಅದು ಹೀರಿಕೊಂಡ ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಆದುದರಿಂದ ಮರುದಿನ ಹುರಿಯುವ ಯೋಚನೆ ಇದ್ದರೆ ಕಾಲು ಕಪ್ಪು ಸಾಕು, ಬೇರೆ ಉಪ್ಪು ಒಂದು ಚಿಟಿಕೆಯೂ ಬೇಡ. ಸಂಘದ ಸದಸ್ಯರಲ್ಲಿ ಐವತ್ತು ದಾಟಿದವರೇ ಹೆಚ್ಚು, ಬಿ.ಪಿ. ಗುಳಿಗೆ ಮರೆಯದೆ ನುಂಗುವವರೂ ಹೆಚ್ಚು. ಗುಳಿಗೆ ನುಂಗಿ ಅದರ ಮೇಲೆ ಇದನ್ನು ಬಟ್ಟಲು ತುಂಬ ತಿಂದರೆ ವೈದ್ಯರನ್ನು ದೂರಿ ಫಲವಿಲ್ಲ.

ಮೊದಲ ದಿನ

ಒಂದು ಕಿಲೋ ಮಾಂಸಕ್ಕೆ ಅರ್ಧ ಕಪ್ಪು ವಿನೆಗರ್, ಕಾಲು ಕಪ್ಪು ಸೋಯಾ ಸಾಸ್, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ ಜಜ್ಜಿದ್ದು, ಒಂದು ಚಹಾ ಚಮಚ ಇಡೀ ಕರಿಮೆಣಸು, ಎರಡು ಎಲೆ, ಒಂದು ಕಪ್ಪು ನೀರು. ಬೇಕಿದ್ದವರು ಅಡಿಕೆ ಗಾತ್ರದ ಬೆಲ್ಲ ಹಾಕಬಹುದು. ಎಲ್ಲವನ್ನೂ ಕಲಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಒಳ್ಳೆಯದು. ಪಾತ್ರೆ ಸ್ಟೀಲಿನದ್ದಾಗಲಿ, ಮಣ್ಣಿನ ಚಟ್ಟಿಯಾಗಲಿ ಇರಲಿ. ಅಲ್ಯುಮಿನಿಯಂ ಬೇಡ, ವಿನೆಗರಿಗೂ ಅದಕ್ಕೂ ಆಗಿಬರುವುದಿಲ್ಲ, ರುಚಿ ಲೋಹದಂತಾಗುತ್ತದೆ.

ಒಲೆಗೆ ಇಟ್ಟ ಮೇಲೆ ಮೊದಲ ಕುದಿ ಬರುವ ತನಕ ಸೌಟು ಹಾಕಬಾರದು, ಮುಚ್ಚಳವೂ ಹಾಕಬಾರದು ಎಂಬುದು ಫಿಲಿಪ್ಪೀನ್ಸಿನ ಅಜ್ಜಿಯಂದಿರ ಕಟ್ಟಪ್ಪಣೆ. ಸೌಟಿನ ಮಾತಿನಲ್ಲಿ ಎಷ್ಟು ಸತ್ಯವಿದೆಯೋ, ಮುಚ್ಚಳದ ಮಾತಿನಲ್ಲಂತೂ ಹುರುಳಿದೆ. ತೆರೆದಿಟ್ಟರೆ ವಿನೆಗರಿನ ಹಸಿ ಘಾಟು ಹಬೆಯೊಂದಿಗೆ ಹೋಗುತ್ತದೆ. ಆ ಐದು ನಿಮಿಷ ಕಿಟಕಿ ತೆರೆದಿಡುವುದು ಉತ್ತಮ, ಪಕ್ಕದ ಫ್ಲಾಟಿನವರು ಏನೆಂದು ಕೇಳಿಕೊಂಡು ಬರುವ ಸಾಧ್ಯತೆ ಇದೆ. ಆಮೇಲೆ ಉರಿ ತಗ್ಗಿಸಿ ಮುಚ್ಚಿ ಬೇಯಿಸಬೇಕು. ಕೋಳಿಗೆ ಮೂವತ್ತೈದರಿಂದ ನಲ್ವತ್ತು ನಿಮಿಷ, ಹಂದಿಗೆ ಒಂದು ಗಂಟೆಯ ಮೇಲೆ. ಕುಕ್ಕರಿನ ಆಸೆ ಬೇಡ. ಕುಕ್ಕರಿನಲ್ಲಿ ಮಾಂಸ ಮೆತ್ತಗಾಗುತ್ತದೆ ನಿಜ, ಆದರೆ ಎಳೆ ಕಳಚದೆ ಮುದ್ದೆಯಾಗುತ್ತದೆ, ರಸವೂ ಬತ್ತುವುದಿಲ್ಲ. ಬೆಂದ ಮೇಲೆ ಅಂದಿನ ಊಟಕ್ಕೆ ಬೇಕಾದಷ್ಟನ್ನು ರಸದೊಂದಿಗೆ ಬಡಿಸಿ ಬಿಸಿ ಅನ್ನದಲ್ಲಿ ಉಂಡರೆ ಮೊದಲ ಅಂಕ ಮುಗಿಯಿತು.

ಉಳಿದದ್ದನ್ನು ಹೇಗೆ ಇಡುತ್ತೇವೆ ಎಂಬುದರಲ್ಲಿ ನಿಜವಾದ ವಿಷಯವಿದೆ. 2022ರ ಮೇ ತಿಂಗಳ ಆರಂಭದಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ಹಲವರು ಆಸ್ಪತ್ರೆ ಸೇರಿ, 16ರ ಹರೆಯದ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡದ್ದು ಗಡಿನಾಡಿನ ಯಾರೂ ಮರೆತಿಲ್ಲ. 2023ರ ಜನವರಿಯಲ್ಲಿ ಕೊಟ್ಟಾಯಂನಲ್ಲಿ ಹೊರಗಿನಿಂದ ತರಿಸಿದ ಊಟ ಉಂಡ ನರ್ಸ್ ಒಬ್ಬರು ತೀರಿಕೊಂಡರು. ಆ ಬಳಿಕ ಕೇರಳ ಸರಕಾರ ಹಸಿ ಮೊಟ್ಟೆಯ ಮೇಯನೇಸನ್ನು ನಿಷೇಧಿಸಿತು. ಪಾರ್ಸೆಲ್ ಪೊಟ್ಟಣದ ಮೇಲೆ ತಯಾರಿಸಿದ ಸಮಯ, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬುದನ್ನು ಬರೆಯಬೇಕೆಂದೂ ಆದೇಶಿಸಿತು. ಹೋಟೆಲಿನವರಿಗೆ ಈ ನಿಯಮ ಬಂತು. ಮನೆಯಲ್ಲಿ ಮಾತ್ರ ಮಧ್ಯಾಹ್ನದ ಕೋಳಿ ಪಾತ್ರೆ ರಾತ್ರಿ ಊಟದವರೆಗೂ ಒಲೆಯ ಮೇಲೆಯೇ ಇರುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಹಾಗೆಯೇ ಇರುತ್ತಿತ್ತು ಎಂಬ ವಾದವೂ ಕೇಳಿ ಬರುತ್ತದೆ. ಅಜ್ಜಿಯರು ಮೂರು ಹೊತ್ತೂ ಕುದಿಸುತ್ತಿದ್ದರು ಎಂಬುದನ್ನು ಮಾತ್ರ ಹೇಳುವುದಿಲ್ಲ.

ವಿನೆಗರ್ ಇರುವ ಅಡುಗೆ ಬೇಗ ಕೆಡುವುದಿಲ್ಲ ಎಂಬುದು ಸುಳ್ಳಲ್ಲ. ಹುಳಿ ಹೆಚ್ಚಿದಷ್ಟೂ ರೋಗಾಣುಗಳಿಗೆ ಬೆಳೆಯುವುದು ಕಷ್ಟ. ಉಪ್ಪಿನಕಾಯಿ ಉಳಿಯುವುದೂ ಹೀಗೆಯೇ. ಆದರೆ ನಮ್ಮ ನಾಲಿಗೆಗೆ ಹಿತವಾಗುವಂತೆ ನೀರು ಬೆರೆಸಿ ಮಾಡಿದ ಅಡೊಬೊ ಉಪ್ಪಿನಕಾಯಿಯಲ್ಲ. ಎರ್ನಾಕುಲಂನ ಸೆಕೆಯಲ್ಲಿ ಬೆಂದ ಮಾಂಸ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿಗೆ ತುರುಕಿದರೆ ನಡುಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಮಾಂಸವನ್ನು ರಸದಿಂದ ತೆಗೆದು ಅಗಲವಾದ ತಟ್ಟೆಯಲ್ಲಿ ಹರಡಿ, ಬಿಸಿ ಆರಿದ ಕೂಡಲೇ ಒಳಗಿಡಬೇಕು. ರಸಕ್ಕೆ ಬೇರೆ ಡಬ್ಬಿ. ಅದೃಷ್ಟಕ್ಕೆ ಗರಿಗರಿ ಮಾಡಲು ಬೇಕಾದದ್ದೂ ಇದೇ ಕ್ರಮ.

ಎರಡನೆಯ ದಿನ

ಮಾಂಸ ಪೂರ್ತಿ ತಣ್ಣಗಾಗುವ ಮೊದಲು, ಕೈಗೆ ತಾಳುವ ಬಿಸಿ ಇರುವಾಗಲೇ ಎಳೆ ಬಿಡಿಸಿಟ್ಟರೆ ಸುಲಭ. ಎರಡು ಫೋರ್ಕಿನಿಂದ ಎಳೆಯಬಹುದು, ಬೆರಳಿನಿಂದ ಮಾಡಿದರೆ ಇನ್ನೂ ಚೆನ್ನಾಗಿ ಆಗುತ್ತದೆ. ನಾರಿನ ಉದ್ದಕ್ಕೆ ಎಳೆಯಬೇಕು, ಅಡ್ಡಕ್ಕೆ ಅಲ್ಲ. ಎಳೆ ಶಾವಿಗೆಗಿಂತ ಸ್ವಲ್ಪ ದಪ್ಪ ಇರಲಿ. ತೀರಾ ಸಪೂರವಾದರೆ ಬಾಣಲೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗುತ್ತದೆ. ಹಂದಿಯ ಕೊಬ್ಬನ್ನು ಎಸೆಯದೆ ಸಣ್ಣಗೆ ಹೆಚ್ಚಿ ಬೇರೆ ಇಡಬೇಕು. ಎಳೆಗಳನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಮುಚ್ಚದೆ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ಜಿನ ಒಣ ಗಾಳಿ ನೀರಿನ ಪಸೆಯನ್ನು ಹೀರುತ್ತದೆ. ಕೊಚ್ಚಿಯ ಮಳೆಗಾಲದಲ್ಲಿ ಇದಕ್ಕಿಂತ ಒಣಗಿದ ಜಾಗ ಮನೆಯಲ್ಲಿ ಬೇರೆ ಸಿಗಲಾರದು.

ಗರಿಗರಿ ಆಗುವುದರ ಗುಟ್ಟೆಲ್ಲ ಈ ಒಣಗಿಸುವುದರಲ್ಲಿದೆ. ಮಾಂಸದಲ್ಲಿ ನೀರಿರುವ ತನಕ ಅದರ ಬಿಸಿ ನೀರು ಕುದಿಯುವ 100 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ಆ ಬಿಸಿಯಲ್ಲಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನೀರು ಹೋದ ಮೇಲೆಯೇ ಕೆಂಪು ಬಣ್ಣ, ಹುರಿದ ಪರಿಮಳ. ಹಸಿ ಎಳೆಯನ್ನು ನೇರವಾಗಿ ಎಣ್ಣೆಗೆ ಹಾಕಿದರೆ ಎಣ್ಣೆ ಸಿಡಿದು ಕೈ ಸುಡುತ್ತದೆ. ಕಾದು ನೀರು ಬಿಡುವಷ್ಟರಲ್ಲಿ ಸೋಯಾ ಸಾಸು ಹತ್ತಿ ಕಹಿಯಾಗುತ್ತದೆ.

ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಮೂರು ನಾಲ್ಕು ಚಮಚ ಎಣ್ಣೆ. ಹಂದಿಯಾದರೆ ಮೊದಲು ಹೆಚ್ಚಿಟ್ಟ ಕೊಬ್ಬನ್ನು ಹಾಕಿ ಕರಗಿಸಿ ಎಣ್ಣೆ ಬಿಡಿಸಬೇಕು. ತೆಂಗಿನೆಣ್ಣೆ ಹಾಕಿದರೆ ಕೇರಳದ ಪರಿಮಳ ಬರುತ್ತದೆ, ಅಡ್ಡಿಯಿಲ್ಲ. ಫಿಲಿಪ್ಪೀನ್ಸೂ ತೆಂಗಿನ ನಾಡೇ. ಮಧ್ಯಮ ಉರಿಯಲ್ಲಿ ಎಳೆಗಳನ್ನು ಎರಡು ಮೂರು ಸಲಕ್ಕೆ ಪಾಲು ಮಾಡಿ ಹಾಕಬೇಕು. ಒಂದೇ ಸಲ ರಾಶಿ ಹಾಕಿದರೆ ಹಬೆಯಲ್ಲಿ ಮೆತ್ತಗಾಗುತ್ತದೆ. ಹಾಕಿದ ಕೂಡಲೇ ಕೈಯಾಡಿಸಬಾರದು. ಎರಡು ನಿಮಿಷ ತಳ ಹಿಡಿಯಲು ಬಿಟ್ಟು ಮಗುಚಿ, ಮತ್ತೆ ಬಿಡಬೇಕು. ಎಂಟು ಹತ್ತು ನಿಮಿಷದಲ್ಲಿ ಸದ್ದು ಬದಲಾಗುತ್ತದೆ. ಮೊದಲು ಚುರ್ ಎನ್ನುತ್ತಿದ್ದುದು ಕಡಿಮೆಯಾಗಿ, ಸೌಟು ಆಡಿಸಿದರೆ ಒಣ ಎಲೆಯ ಸದ್ದು ಬರುತ್ತದೆ. ಬಣ್ಣ ನೋಡಿ ಇಳಿಸುವವರು ತಡ ಮಾಡುತ್ತಾರೆ. ಸೋಯಾ ಸಾಸಿನಿಂದ ಮೊದಲೇ ಕಂದು ಇರುವುದರಿಂದ ಕಣ್ಣಿಗಿಂತ ಕಿವಿಯನ್ನು ನಂಬುವುದೇ ಮೇಲು. ಬೇಕಾದದ್ದಕ್ಕಿಂತ ಒಂದು ನಿಮಿಷ ಮೊದಲೇ ಕಾಗದದ ಮೇಲೆ ತೆಗೆದರೆ ಆರುವಾಗ ತಾನೇ ಗರಿಯಾಗುತ್ತದೆ.

ಒಂದು ಕಿಲೋ ಮೂಳೆಯಿಲ್ಲದ ಮಾಂಸ ಬೆಂದಾಗ ಸುಮಾರು ಆರುನೂರೈವತ್ತು ಗ್ರಾಂ, ಹುರಿದಾಗ ನಾನೂರು ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ನಷ್ಟವೆಂದು ಕಂಡರೂ ಇದನ್ನು ಬಟ್ಟಲು ತುಂಬ ಉಣ್ಣುವವರಿಲ್ಲ. ಅನ್ನದ ಮೇಲೆ ಒಂದು ಹಿಡಿ ಉದುರಿಸುವುದು, ಅಷ್ಟೆ.

ಆ ಅನ್ನಕ್ಕೂ ಒಂದು ಕ್ರಮವಿದೆ. ಹತ್ತು ಎಸಳು ಬೆಳ್ಳುಳ್ಳಿಯನ್ನು ಸಣ್ಣಗೆ ಕತ್ತರಿಸಿ, ಎಣ್ಣೆ ತಣ್ಣಗಿರುವಾಗಲೇ ಹಾಕಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವಷ್ಟರಲ್ಲಿ ತೆಗೆದಿಡಬೇಕು. ಆ ಎಣ್ಣೆಗೆ ಹಿಂದಿನ ರಾತ್ರಿಯ ಅನ್ನ ಹಾಕಿ ಉದುರುದುರಾಗಿ ಹುರಿದು, ಮೇಲೆ ಬೆಳ್ಳುಳ್ಳಿ ಉದುರಿಸುವುದು. ಪಕ್ಕದಲ್ಲಿ ಒಂದು ಮೊಟ್ಟೆ. ಮನಿಲಾದ ಬೆಳಗ್ಗಿನ ತಿಂಡಿ ಇದು. ಬೆಳ್ಳುಳ್ಳಿ ಅನ್ನ, ಮೊಟ್ಟೆ, ಅಡೊಬೊ ಮೂರರ ಹೆಸರನ್ನೂ ಕತ್ತರಿಸಿ ಅಂಟಿಸಿ ಅಡೊಸಿಲೊಗ್ ಎನ್ನುತ್ತಾರೆ. ನಮ್ಮ ಒಗ್ಗರಣೆ ಅನ್ನದ ಅಣ್ಣನೋ ತಮ್ಮನೋ ಆಗಬೇಕು. ಕುಚ್ಚಲಕ್ಕಿಯಲ್ಲೂ ಆಗುತ್ತದೆ, ಸೋನಾಮಸೂರಿಯಲ್ಲೂ ಆಗುತ್ತದೆ. ಆದರೆ ತಂಗಳನ್ನವೂ ರಾತ್ರಿಯಿಡೀ ಹೊರಗಿದ್ದದ್ದು ಬೇಡ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣುವಿನ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಅನ್ನವೇ ಹುರಿಯಲು ಉದುರಾಗಿಯೂ ಇರುತ್ತದೆ.

ಹುರಿದ ಅಡೊಬೊವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಧಾರಾಳ. ಮೆತ್ತಗಾದದ್ದು ಒಣ ಕಾವಲಿಯಲ್ಲಿ ಎರಡು ನಿಮಿಷ ಬಿಸಿ ಮಾಡಿದರೆ ಪುನಃ ಗರಿಯಾಗುತ್ತದೆ. ತಿರುವನಂತಪುರದಿಂದ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಮಂಗಳೂರಿಗೆ ಹೋಗುವವರು ಬುತ್ತಿಗೆ ಕಟ್ಟಿಕೊಳ್ಳಬಹುದೇ ಎಂಬ ಪ್ರಶ್ನೆ ಸಹಜ. ಸಾರು ಚೆಲ್ಲುವ ಭಯವಿಲ್ಲ, ಚಪಾತಿಯಲ್ಲಿ ಸುತ್ತಿದರೆ ಕೈಯೂ ಅಂಟುವುದಿಲ್ಲ. ಆದರೆ ಹೊರಡುವ ಮುನ್ನ ಹುರಿದು, ಕೊಲ್ಲಂ ದಾಟುವಷ್ಟರಲ್ಲಿ ಉಂಡು ಮುಗಿಸಬೇಕು. ಬೆಳಗ್ಗೆ ಕಾಸರಗೋಡು ಬಂದಾಗ ಡಬ್ಬಿ ತೆರೆಯುವ ಯೋಚನೆ ಬೇಡ.

ಮಾಂಸ ತಿನ್ನದವರಿಗೆ

ಉಡುಪಿ ಹೋಟೆಲಿನ ಕೆಲಸಕ್ಕೆ, ದೇವಸ್ಥಾನದ ಪೂಜೆಗೆ ಬಂದು ಕೇರಳದಲ್ಲಿ ನೆಲೆಯಾದ ಮನೆಗಳು ನಮ್ಮ ನಡುವೆ ಬಹಳ ಇವೆ. ರಾಜ್ಯೋತ್ಸವದ ಪಂಕ್ತಿಯಲ್ಲಿ ಎಲ್ಲರೂ ಕೂಡಿ ಉಣ್ಣುವಾಗ ಶಾಕಾಹಾರವೇ ರೂಢಿ, ಅದು ಸರಿಯೂ ಹೌದು. ಅವರಿಗೂ ಈ ಅಡುಗೆಯಲ್ಲಿ ಪಾಲಿದೆ. ಫಿಲಿಪ್ಪೀನ್ಸಿನಲ್ಲಿ ಅಲಸಂಡೆ, ನೀರಿನಲ್ಲಿ ಬೆಳೆಯುವ ಸೊಪ್ಪು, ಬಾಳೆ ಹೂವು ಇವನ್ನೂ ಅಡೊಬೊ ಮಾಡುತ್ತಾರೆ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ಗುಜ್ಜೆ. ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಬಲಿಯದ ಎಳೆ ಕಾಯಿಯನ್ನು ಇಲ್ಲಿಯವರು ಇಡಿಚಕ್ಕ ಎನ್ನುತ್ತಾರೆ, ಕುಟ್ಟಿ ಎಳೆ ಬಿಡಿಸುವುದರಿಂದಲೇ ಆ ಹೆಸರು.

ಕೈಗೆ ಎಣ್ಣೆ ಸವರಿಕೊಂಡು ಗುಜ್ಜೆಯ ಸಿಪ್ಪೆ ಕೆತ್ತಿ, ದೊಡ್ಡ ಹೋಳು ಮಾಡಿ, ಅರಸಿನ ಹಾಕಿ ಮುಕ್ಕಾಲು ಬೇಯಿಸಬೇಕು. ನೀರು ಬಸಿದು, ಒರಳಲ್ಲಿ ಎರಡೇ ಗುದ್ದು ಕೊಟ್ಟರೆ ಎಳೆ ತಾನಾಗಿ ಬಿಡುತ್ತದೆ. ಅದಕ್ಕೆ ಎರಡು ಚಮಚ ವಿನೆಗರ್, ಎರಡು ಚಮಚ ಸೋಯಾ ಸಾಸ್, ಬೆಳ್ಳುಳ್ಳಿ, ಮೆಣಸು ಹಾಕಿ ರಸ ಬತ್ತುವ ತನಕ ಇಟ್ಟು, ಆರಿಸಿ, ಮೇಲೆ ಹೇಳಿದಂತೆಯೇ ಹುರಿಯುವುದು. ಮಾಂಸಕ್ಕಿಂತ ಬೇಗ ಕೆಂಪಾಗುತ್ತದೆ, ಕಣ್ಣಿಟ್ಟಿರಬೇಕು. ವಿನೆಗರ್ ಒಗ್ಗದ ಮನೆಯವರು ನೆನೆಸಿದ ಕುಡಂಪುಳಿಯ ನೀರು ಹಾಕಬಹುದು. ಅದರ ಹುಳಿ ಕುದಿದರೂ ಕಡಿಮೆಯಾಗುವುದಿಲ್ಲವಾದ್ದರಿಂದ ಒಂದೇ ಎಸಳು ಸಾಕು. ಬೆಳ್ಳುಳ್ಳಿಯೂ ಬೇಡ, ಇಂಗು ಹಾಕುತ್ತೇವೆ ಎನ್ನುವವರು ಹಾಗೆಯೇ ಮಾಡಲಿ. ರುಚಿಗೆ ಕೊರತೆಯಾಗದು, ಆದರೆ ಅದನ್ನು ಅಡೊಬೊ ಎಂದು ಕರೆಯುವುದು ನ್ಯಾಯವಲ್ಲ. ಗುಜ್ಜೆ ಸುಕ್ಕ ಎಂಬ ಒಳ್ಳೆಯ ಹೆಸರು ಮೊದಲೇ ಇದೆ.

ಕೊನೆಗೆ ಡಬ್ಬಿಯಲ್ಲಿ ಬೇರೆ ಇಟ್ಟ ಮೊದಲ ದಿನದ ರಸ. ಫ್ರಿಜ್ಜಿನಲ್ಲಿ ಅದರ ಮೇಲೆ ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ. ಅದನ್ನು ತೆಗೆದು ಹುರಿಯಲು ಬಳಸಬಹುದು. ಕೆಳಗಿನ ರಸವನ್ನು ಮೂರು ದಿನದೊಳಗೆ ಚೆನ್ನಾಗಿ ಕುದಿಸಿ, ಬೇಯಿಸಿ ಸುಲಿದ ನಾಲ್ಕು ಮೊಟ್ಟೆ ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಇಟ್ಟರೆ ಬುಧವಾರ ರಾತ್ರಿಯ ಪದಾರ್ಥವೂ ಆಯಿತು.